ಹುಲ್ಲು: ಆಫ್

ಯುತ್ರೋನಿಚ್‌ನ ಅಂಗಡಿಯಲ್ಲಿ ಗಾಜಿನ ಹಿಂದೆ ಮಲಗಿದೆ
ಮೂರು ಫ್ಯಾನಿನ ಕಾರ್ಡು.
ಸುಂಕವಿಲ್ಲದ ಪೇಟೆ, ಆದರೂ ಬೆಲೆ ಕೇಳಿದರೆ
ಮೂಗಿಗಿಂತ ಮೂಗುತಿ ಭಾರ.
ಆರು ಕಂತು, ಅನ್ನುತ್ತಾನೆ. ಹಳೆಯದನ್ನು ತಂದು ಕೊಟ್ಟರೆ
ಅರ್ಧ ಕಂತು ಕಳೆಯುತ್ತಾನಂತೆ.
ಅಳತೆ ಪಟ್ಟಿ ಇಸಿದುಕೊಂಡೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ನನ್ನ ಡಬ್ಬಿಗಿಂತ ಇದರ ಕಾಲು
ಎರಡು ಬೆರಳು ಉದ್ದ.
ತಗಡು ಕತ್ತರಿಸಬಹುದು, ಅದೇನು ದೊಡ್ಡದಲ್ಲ,
ಇಪ್ಪತ್ತೆರಡು ವರ್ಷ ಫೆರಿಯ ಹೊಟ್ಟೆಯೊಳಗೆ
ತಗಡು ಕತ್ತರಿಸಿಯೇ ಉಂಡವನು ನಾನು.

ಹೊರಗೆ ಗಾಳಿ.
ಬೀದಿಯ ಮೂಲೆಗೆ ಕಟ್ಟಿದ ಹಗ್ಗ ಹಿಡಿದು
ಬಸ್ಸಿನವರೆಗೆ ನಡೆದೆ,
ಇನ್ನೊಂದು ಕೈ ಜೇಬಿನಲ್ಲಿ, ಕಂತಿನ ಚೀಟಿಯ ಮೇಲೆ.

ಮನೆಯಲ್ಲಿ ಹಳೆಯದು. ಎಂಟು ವರ್ಷ.
ಎಪ್ಪತ್ತು ಡಿಗ್ರಿ ದಾಟಿದರೆ ಕೀಚಲು ಸ್ವರ,
ಎಂಬತ್ತಕ್ಕೆ ಪರದೆಯ ತುಂಬ ನೇರಳೆ ಚುಕ್ಕೆ.
ಹಡಗಿನ ಎಣ್ಣೆ ಒಂದು ಹನಿ ಬಿಟ್ಟಿದ್ದೇನೆ ಅದರ ಫ್ಯಾನಿಗೆ.
ಯಾವ ಎಂಜಿನ್ನು ಕೆಮ್ಮುತ್ತಿದೆ, ಯಾವುದು ಸಾಯುತ್ತಿದೆ,
ಕಿವಿಗೆ ಗೊತ್ತು.
ಇದು ಇನ್ನೂ ಕೆಮ್ಮುತ್ತಿದೆ.

ಅದರ ಕೈಲಾಗದ್ದನ್ನೆಲ್ಲ ಒಂದೊಂದಾಗಿ ಬಿಟ್ಟೆ.
ನೆರಳು ಬೇಡ ಅಂದೆ. ನೀರಿನಲ್ಲಿ ಆಕಾಶ ಬೇಡ.
ದೂರದ ಬೆಟ್ಟ ಬೇಡ, ಅಲ್ಲಿ ಹಾಲು ಚೆಲ್ಲಿದ ಹಾಗೆ ಮಂಜು.
ಕೊನೆಗೆ ಹುಲ್ಲೂ ಬೇಡ.

ಮಿಲ್ಲರಾಯ್ ಇರುವುದು ಅಂತೋಫಗಾಸ್ತದಲ್ಲಿ, ತಾಯಿಯ ಜೊತೆ.
ಆ ಮನುಷ್ಯ ತಾಮ್ರದ ಗಣಿಯಲ್ಲಿ ಲಾರಿ ಓಡಿಸುತ್ತಾನೆ,
ಕ್ರಿಸ್‌ಮಸ್ಸಿಗೆ ಅವಳಿಗೆ ಹೊಸ ಯಂತ್ರ ಕೊಡಿಸಿದ.
ಒಳ್ಳೆಯವನೇ.
ಅದು ಹುಲ್ಲು ಹುಟ್ಟದ ಊರು.
ಮೊದಲ ದಿನ ನನ್ನ ಕಿವಿಯಲ್ಲಿ ಕೂಗಿದಳು:
ಪಪಾ, ಒಂದೊಂದು ಎಸಳೂ ಬೇರೆ ಬೇರೆ ಬಾಗುತ್ತೆ!
ಹೂಂ, ಅಂದೆ.
ನನ್ನ ಪರದೆಯಲ್ಲಿ ಬರೀ ಮಣ್ಣು.
ನನ್ನ ಕಿಟಕಿಯಾಚೆ ಕೋಯಿರೋನ್ ಹುಲ್ಲು
ನೆಲಕ್ಕೆ ಹಣೆ ಹಚ್ಚಿತ್ತು.

ಶನಿವಾರ, ನನಗೆ ಒಂಬತ್ತು ಗಂಟೆ, ಅವಳಿಗೆ ಎಂಟು.
ಗುಂಡು ಹಾರಿಸುವ ಆಟ ಅದು, ನಾವು ಹಾರಿಸುವುದಿಲ್ಲ.
ಅವಳು ಅಡಗುತ್ತಾಳೆ, ನಾನು ಹುಡುಕುತ್ತೇನೆ.
ಎದೆಮಟ್ಟದ ಹುಲ್ಲಿನೊಳಗೆ ಉಸಿರು ಬಿಗಿಹಿಡಿದು ಕೂರುತ್ತಾಳೆ.
ನನಗೆ ಕಾಣುವುದು ಬಟಾಬಯಲು,
ನಟ್ಟನಡುವೆ ಮೊಣಕಾಲೂರಿದ
ಕಿತ್ತಳೆ ಬಣ್ಣದ ಜಾಕೀಟು.

ದಾಟಿ ಹೋಗುತ್ತೇನೆ.
ಬಂಡೆಯ ಹಿಂದೆ ಇಣುಕುತ್ತೇನೆ,
ಎಲ್ಲಿ ಹೋಯಿತಪ್ಪಾ ಇದು ಅನ್ನುತ್ತೇನೆ,
ಕುರಿದೊಡ್ಡಿಯ ಬಾಗಿಲು ತೆಗೆದು ಹಾಕಿ ತೆಗೆದು
ಅವಳಿಂದ ಎರಡೇ ಮಾರು ದೂರ ಬಂದು
ಎತ್ತಲೋ ನೋಡುತ್ತ ನಿಲ್ಲುತ್ತೇನೆ.
ಅಂಗೈಯಿಂದ ಬಾಯಿ ಮುಚ್ಚಿದ ನಗು ಕೇಳಿಸುತ್ತದೆ.
ಅಷ್ಟು ಹೊತ್ತು ಅವಳನ್ನು ನೋಡುವುದು
ವಾರಕ್ಕೆ ಒಂದು ಸಲ.

ಹೊಸ ಕಾರ್ಡು ಬಂದರೆ
ನಿಜವಾಗಿಯೂ ಹುಡುಕಬೇಕು.

ಹೋದ ವಾರ ನಡುವೆ ನಿಲ್ಲಿಸಿ ಕೇಳಿದಳು:
ಪಪಾ, ನಿನಗೆ ಹುಲ್ಲು ಯಾವ ಬಣ್ಣ?
ಹಸಿರು, ಅಂದೆ. ಇನ್ನು ಯಾವ ಬಣ್ಣ.
ತುಸು ಹೊತ್ತು ಏನೂ ಇಲ್ಲ, ನನ್ನ ಫ್ಯಾನಿನ ಕೀಚಲು ಬಿಟ್ಟರೆ.
ಇಲ್ಲಿ ಅದು ಒಣಗಿ ತಿಂಗಳಾಯಿತು, ಅಂದಳು.
ಹನ್ನೆರಡು ತುಂಬಿತು ಅವಳಿಗೆ ಮಾರ್ಚಿಯಲ್ಲಿ,
ಲೆಕ್ಕದಲ್ಲಿ ಚುರುಕು.
ಆಮೇಲೆ: ಸರಿ, ಕಣ್ಣು ಮುಚ್ಚು, ನೂರು ಎಣಿಸು.
ಎಣಿಸಿದೆ, ಒಂದೂ ಬಿಡದೆ.
ಕಣ್ಣು ತೆರೆದರೆ ಅದೇ ಬಯಲು, ಅದೇ ಜಾಗ,
ಕಿತ್ತಳೆ ಜಾಕೀಟು ನನ್ನ ಕಡೆಗೇ ಮುಖ ಮಾಡಿ ಕೂತಿತ್ತು.
ಈ ಸಲ ನಗು ಇಲ್ಲ.
ಎಲ್ಲಿ ಹೋಯಿತಪ್ಪಾ ಇದು, ಅಂದೆ.
ದಾಟಿ ಹೋದೆ.

ನಾಳೆ ಶನಿವಾರ. ಯುತ್ರೋನಿಚ್ ಏಳಕ್ಕೆ ಬಾಗಿಲು ಹಾಕುತ್ತಾನೆ.
ಚೀಟಿಯ ಮೇಲೆ ಸಹಿ ಮಾಡಿಲ್ಲ.
ತಗಡು ಮಾತ್ರ ಕತ್ತರಿಸಿ ಅಂಚು ಉಜ್ಜಿಟ್ಟಿದ್ದೇನೆ,
ಎರಡು ಬೆರಳು.
ಆ ಕಂಡಿಯಲ್ಲಿ ಬಗ್ಗಿ ನೋಡಿದರೆ
ಹಳೆಯದು ತಿರುಗುತ್ತಿದೆ.